ವೀಸಾ ಮೆಡಿಕಲ್: ‘ಇನ್ನೂ ಪರೀಕ್ಷೆ ಬೇಕು’ ಎಂದರೆ ವೀಸಾ ಇಲ್ಲ ಎಂದಲ್ಲ

ಕೆನಡಾಕ್ಕೆ ಅರ್ಜಿ ಹಾಕಿ, ಮೆಡಿಕಲ್ ಮುಗಿಸಿ, ವೀಸಾ ಬರುವ ದಿನವನ್ನು ಎಣಿಸುತ್ತಿರುವಾಗ ಒಂದು ಪತ್ರ ಬರುತ್ತದೆ. ಎದೆಯ ಎಕ್ಸ್-ರೇ ನೋಡಿದ್ದೇವೆ, ಇನ್ನೂ ಕೆಲವು ಪರೀಕ್ಷೆಗಳು ಆಗಬೇಕು ಎಂದು ಅದರಲ್ಲಿರುತ್ತದೆ. ಬ್ಯಾಂಕಿನಲ್ಲಿ ಸಾಲ ಮಾಡಿದ, ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮನೆಯಲ್ಲಿ ಆ ದಿನ ಊಟ ಸೇರುವುದಿಲ್ಲ.

ಈ ಹೆದರಿಕೆಗೆ ನಮ್ಮ ಕರಾವಳಿಯಲ್ಲಿ ಒಂದು ಕಾರಣವಿದೆ. ನಮ್ಮವರಿಗೆ ಮೆಡಿಕಲ್ ಎಂದರೆ ಮೊದಲು ನೆನಪಾಗುವುದು ಗಲ್ಫ್. ಅಲ್ಲಿನ ಫಲಿತಾಂಶ ಎರಡೇ: ಫಿಟ್ ಅಥವಾ ಅನ್‌ಫಿಟ್. ಶ್ವಾಸಕೋಶದಲ್ಲಿ ಎಂದೋ ವಾಸಿಯಾದ ಕ್ಷಯದ ಕಲೆ ಕಂಡರೂ ಅನ್‌ಫಿಟ್ ಆದವರಿದ್ದಾರೆ. ಆದರೆ ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳ ಕ್ರಮ ಬೇರೆ. ಅಲ್ಲಿ ಹೆಚ್ಚಿನ ಪರೀಕ್ಷೆ ಕೇಳಿದ್ದಾರೆ ಎಂದರೆ ತೀರ್ಮಾನ ಇನ್ನೂ ಆಗಿಲ್ಲ ಎಂದೇ ಅರ್ಥ.

ತೀರ್ಮಾನ ಯಾರದು?

ನಮ್ಮನ್ನು ಪರೀಕ್ಷಿಸುವವರು ಆ ದೇಶದ ಸರಕಾರ ಒಪ್ಪಿದ ಪ್ಯಾನೆಲ್ ವೈದ್ಯರು. ಅವರು ವರದಿ ಕಳುಹಿಸುತ್ತಾರೆ ಅಷ್ಟೇ. ವೀಸಾ ಕೊಡುವ ಅಥವಾ ನಿರಾಕರಿಸುವ ಅಧಿಕಾರ ಅವರಿಗಿಲ್ಲ. ಆ ದೇಶದ ವಲಸೆ ಇಲಾಖೆ ವರದಿಯನ್ನು ನೋಡಿ, ಸಂಶಯವಿದ್ದರೆ ಇನ್ನಷ್ಟು ಕೇಳುತ್ತದೆ. ಆದ್ದರಿಂದ ಪ್ಯಾನೆಲ್ ವೈದ್ಯರೊಡನೆ ವಾದಿಸಿ ಫಲವಿಲ್ಲ. ಅವರ ಮೂಲಕವೇ ಉತ್ತರ ಹೋಗಬೇಕು.

ಏಕೆ ಕೇಳುತ್ತಾರೆ?

ಮುಖ್ಯ ಕಾರಣ ಕ್ಷಯರೋಗ. ಎಕ್ಸ್-ರೇಯಲ್ಲಿ ಕಂಡ ಕಲೆ ಹಳೆಯದೋ ಹೊಸದೋ ಎಂದು ಒಂದೇ ಚಿತ್ರದಿಂದ ಹೇಳುವುದು ಕಷ್ಟ. ಮೂತ್ರದಲ್ಲಿ ಸಕ್ಕರೆ, ಪ್ರೋಟೀನ್ ಅಥವಾ ರಕ್ತ ಕಂಡಾಗ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ಪರೀಕ್ಷೆ ಕೇಳುವುದುಂಟು. ಮುಟ್ಟಿನ ದಿನಗಳಲ್ಲಿ ಮೂತ್ರ ಕೊಟ್ಟರೂ ಅದರಲ್ಲಿ ರಕ್ತ ಕಾಣುತ್ತದೆ. ಆ ದಿನಗಳನ್ನು ಬಿಟ್ಟು ಹೋಗುವುದು ಒಳ್ಳೆಯದು.

ಕಫ ಪರೀಕ್ಷೆಗೆ ಸಮಯ ಬೇಕು

ಕ್ಷಯದ ಸಂಶಯವಿದ್ದರೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ದಿನ, ಬೆಳಿಗ್ಗೆ ಕಫ ಕೊಡಬೇಕು. ಪರೀಕ್ಷೆಗೆ ಬೇರೆ ಊರಿಗೆ ಹೋಗುವವರು ಅಲ್ಲಿ ಮೂರು ನಾಲ್ಕು ದಿನ ಉಳಿಯುವ ಏರ್ಪಾಡು ಮಾಡಿಕೊಳ್ಳಬೇಕು. ಸೂಕ್ಷ್ಮದರ್ಶಕದಲ್ಲಿ ನೋಡುವ ಫಲಿತಾಂಶ ಬೇಗ ಸಿಗುತ್ತದೆ. ಆದರೆ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಎಂಟು ವಾರಗಳವರೆಗೂ ಹಿಡಿಯುತ್ತದೆ, ಏಕೆಂದರೆ ಕ್ಷಯದ ರೋಗಾಣು ಬಹಳ ನಿಧಾನವಾಗಿ ಬೆಳೆಯುತ್ತದೆ. ಹಣ ಕೊಟ್ಟರೂ ಶಿಫಾರಸು ತಂದರೂ ಅದು ಬೇಗ ಬೆಳೆಯದು.

ಕಫ ಕೊಡುವ ಮೊದಲು ಕೆಮ್ಮಿಗೆಂದು ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗಬೇಡಿ. ಕೆಲವು ಮಾತ್ರೆಗಳು ರೋಗಾಣುವನ್ನು ಅಡಗಿಸಿ ಪರೀಕ್ಷೆಯನ್ನೇ ಕೆಡಿಸುತ್ತವೆ. ಬೇರೆ ಕಾಯಿಲೆಗೆ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಬೇಕಾಗಿಲ್ಲ, ಆದರೆ ಪ್ಯಾನೆಲ್ ವೈದ್ಯರಿಗೆ ತಿಳಿಸಿ. ಗರ್ಭಿಣಿಯರು ಎಕ್ಸ್-ರೇಗೆ ಮೊದಲೇ ವಿಷಯ ಹೇಳಬೇಕು; ಹೆರಿಗೆಯ ನಂತರ ಎಕ್ಸ್-ರೇ ತೆಗೆಸಿಕೊಳ್ಳಲು ಅವಕಾಶವಿದೆ.

ಪತ್ರ ಬಂದಾಗ ಮಾಡಬೇಕಾದುದು

1. ಪತ್ರವನ್ನು ಪೂರ್ತಿ ಓದಿ. ಕೇಳಿದ ಪರೀಕ್ಷೆ ಯಾವುದು, ಯಾವ ತಾರೀಕಿನೊಳಗೆ, ಕುಟುಂಬದಲ್ಲಿ ಯಾರಿಗೆ ಎಂಬುದನ್ನು ಬರೆದಿಟ್ಟುಕೊಳ್ಳಿ.

2. ಮೊದಲು ಮೆಡಿಕಲ್ ಮಾಡಿದ ಪ್ಯಾನೆಲ್ ವೈದ್ಯರಿಗೇ ಫೋನ್ ಮಾಡಿ. ಊರಿನ ಆಸ್ಪತ್ರೆಯಲ್ಲಿ ಬೇರೆ ಎಕ್ಸ್-ರೇ ತೆಗೆಸಿ ‘ನಾರ್ಮಲ್’ ಎಂದು ಬರೆಸಿ ಕಳುಹಿಸಿದರೆ, ಕೇಳಿದ ಪರೀಕ್ಷೆ ಮುಗಿದಂತಾಗುವುದಿಲ್ಲ.

3. ಹಳೆಯ ಎಕ್ಸ್-ರೇ, ಡಿಸ್ಚಾರ್ಜ್ ಪತ್ರ, ಕ್ಷಯದ ಚಿಕಿತ್ಸೆ ಮುಗಿಸಿದ ದಾಖಲೆ ಇದ್ದರೆ ಹುಡುಕಿ ತೆಗೆದುಕೊಂಡು ಹೋಗಿ. ಐದು ವರ್ಷ ಹಿಂದಿನ ಚಿತ್ರದಲ್ಲಿಯೂ ಅದೇ ಕಲೆ ಹಾಗೆಯೇ ಇದ್ದರೆ ಅದು ನಿಮ್ಮ ಪರವಾದ ಸಾಕ್ಷಿ.

4. ಗಡುವಿನೊಳಗೆ ಮುಗಿಯದು ಎಂದು ಕಂಡರೆ, ಗಡುವು ದಾಟುವ ಮೊದಲೇ ಇಲಾಖೆಗೆ ಕಾರಣ ಬರೆದು, ವೈದ್ಯರ ಪತ್ರವನ್ನೂ ಸೇರಿಸಿ ಸಮಯ ಕೇಳಿ. ಉತ್ತರವೇ ಕೊಡದಿರುವುದರಿಂದ ಅರ್ಜಿ ತಿರಸ್ಕೃತವಾಗಬಹುದು.

5. ರಶೀದಿ, ಪತ್ರಗಳ ಪ್ರತಿ ಇಟ್ಟುಕೊಳ್ಳಿ. ಪರೀಕ್ಷೆಯ ಖರ್ಚು ನಿಮ್ಮದೇ. ವೀಸಾ ಕೈಗೆ ಬರುವವರೆಗೆ ಟಿಕೆಟ್ ತೆಗೆಯಬೇಡಿ, ಕೆಲಸ ಬಿಡಬೇಡಿ. ಕೆನಡಾದ ಮೆಡಿಕಲ್‌ಗೆ ಸಾಮಾನ್ಯವಾಗಿ 12 ತಿಂಗಳ ಅವಧಿ ಇರುವುದನ್ನೂ ನೆನಪಿಡಿ.

ಮುಚ್ಚಿಡಬೇಡಿ

ಹಿಂದೆ ಟಿ.ಬಿ. ಇತ್ತೇ ಎಂಬ ಪ್ರಶ್ನೆಗೆ ‘ಇಲ್ಲ’ ಎನ್ನಿ ಎಂದು ಸಲಹೆ ಕೊಡುವವರಿದ್ದಾರೆ. ಕಲೆ ಎಕ್ಸ್-ರೇಯಲ್ಲಿ ಕಾಣುತ್ತದೆ. ಆಗ ಸುಳ್ಳು ಮಾತ್ರ ಉಳಿಯುತ್ತದೆ. ತಪ್ಪು ಮಾಹಿತಿ ಅಥವಾ ನಕಲಿ ದಾಖಲೆ ಕೊಟ್ಟದ್ದು ಸಾಬೀತಾದರೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ. ವಾಸಿಯಾದ ಕ್ಷಯ ಅಪರಾಧವಲ್ಲ. ಅಂಥವರಿಗೆ ವೀಸಾ ಕೊಟ್ಟು, ಅಲ್ಲಿಗೆ ಹೋದ ಮೇಲೆ ಆರೋಗ್ಯ ಇಲಾಖೆಗೆ ಹಾಜರಾಗಿ ಎಂದು ಹೇಳುವ ಪದ್ಧತಿ ಕೆನಡಾದಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಇದೆ. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಮುಚ್ಚಳಿಕೆ ಬರೆದುಕೊಟ್ಟು, ತಲುಪಿದ 28 ದಿನಗಳೊಳಗೆ ಸಂಪರ್ಕಿಸಬೇಕು.

ರೋಗ ಇದೆ ಎಂದು ತಿಳಿದರೆ

ಆಗ ವೀಸಾಕ್ಕಿಂತ ಮೊದಲು ಚಿಕಿತ್ಸೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಔಷಧ ತೆಗೆದುಕೊಳ್ಳಬೇಕು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮದಡಿ ಅದು ಉಚಿತ. ಚಿಕಿತ್ಸೆ ಪೂರ್ಣವಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಮುಂದುವರಿಯಬಹುದು. ಮನೆಯಲ್ಲಿ ಅಜ್ಜ ಅಜ್ಜಿ, ಸಣ್ಣ ಮಕ್ಕಳಿದ್ದರೆ ಅವರ ಪರೀಕ್ಷೆಯೂ ಆಗಲಿ. ವಿಮಾನ ತಪ್ಪಿಸಿದ ಪತ್ರವೇ ಒಂದು ಕುಟುಂಬವನ್ನು ಕಾಪಾಡಿದ್ದೂ ಆಗಬಹುದು.

ಗುರಿಕಾರರಿಗೆ, ಚರ್ಚಿನ ಸೇವಕರಿಗೆ ಒಂದು ಮಾತು. ಇಂಥ ಪತ್ರವನ್ನು ಓದಿಸಿಕೊಳ್ಳಲು ನಿಮ್ಮಲ್ಲಿಗೆ ಬರುವವರಿದ್ದಾರೆ. ಪತ್ರದಲ್ಲಿ ಇದ್ದುದನ್ನು ಇದ್ದ ಹಾಗೆ ಹೇಳಿ, ತಾರೀಕು ಗುರುತಿಸಿ ಕೊಡಿ, ಜೊತೆಗೆ ಹೋಗುವವರಿಲ್ಲದಿದ್ದರೆ ಯಾರನ್ನಾದರೂ ಜೊತೆಗೆ ಕಳುಹಿಸಿ. ಕ್ಷಯ ಎಂಬ ಶಬ್ದ ಆ ಮನೆಯ ಮಗಳ ಮದುವೆಗೂ ಅಡ್ಡ ಬರಬಹುದಾದ ಊರು ನಮ್ಮದು. ಕೇಳಿದ ವಿಷಯ ನಿಮ್ಮಲ್ಲೇ ಇರಲಿ.