‘ಹಲ್ಲಿ’ ಎಂದು ಬರೆದ ಹುಡುಗ ನನಗೆ ಕಲಿಸಿದ ಪಾಠ

ಬಿ.ಎಡ್. ಓದುವಾಗ ನಮಗೆ ‘ಶಿಕ್ಷಣದ ಬಗ್ಗೆ ನನ್ನ ನಂಬಿಕೆಗಳು’ ಎಂಬ ಪ್ರಬಂಧ ಬರೆಯಲಿಕ್ಕಿತ್ತು. ನಾನು ನಾಲ್ಕು ಪುಟ ಬರೆದಿದ್ದೆ. ಪ್ರತಿಯೊಂದು ಮಗುವೂ ಭಿನ್ನ, ಪ್ರತಿಯೊಂದು ಮಗುವೂ ಕಲಿಯಬಲ್ಲದು ಎಂದೆಲ್ಲ. ಒಳ್ಳೆಯ ಅಂಕವೂ ಸಿಕ್ಕಿತು. ಕಳೆದ ವರ್ಷದ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದೆ. ಆ ನಾಲ್ಕು ಪುಟಗಳಲ್ಲಿ ಎಷ್ಟನ್ನು ನಾನೇ ನಂಬಿದ್ದೆ ಎಂಬುದು ಅಲ್ಲಿ ಗೊತ್ತಾಯಿತು.

ಆರನೇ ತರಗತಿಗೆ ‘ನನ್ನ ಹಳ್ಳಿ’ ಎಂದು ಹತ್ತು ಸಾಲು ಬರೆಯಲು ಹೇಳಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗನ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದೆ. ‘‘ನಮ್ಮ ಹಲ್ಲಿ ತುಂಬಾ ಚಂದ. ನಮ್ಮ ಹಲ್ಲಿಯಲ್ಲಿ ಒಂದು ಮಸೀದಿ, ಎರಡು ಅಂಗಡಿ ಇದೆ.’’ ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಹುಡುಗ ತಲೆ ತಗ್ಗಿಸಿದ. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೇ ದಿನ ಹಾಜರಿ ಕರೆಯುವಾಗ ನನಗೆ ನನ್ನದೇ ಬಾಲ್ಯ ನೆನಪಾಯಿತು. ನಾಲ್ಕನೇ ತರಗತಿಯಲ್ಲಿ ನಾನು ಎದ್ದು ನಿಂತು ‘‘ನಾಲೆ ರಜೆಯಾ ಟೀಚರ್?’’ ಎಂದು ಕೇಳಿದ್ದೆ. ಎಲ್ಲರೂ ನಕ್ಕಿದ್ದರು. ಮತ್ತೆ ಆ ವರ್ಷವಿಡೀ ತರಗತಿಯಲ್ಲಿ ನಾನು ಬಾಯಿ ತೆರೆಯಲಿಲ್ಲ. ನಮ್ಮ ಬ್ಯಾರಿ ಮಾತಿನಲ್ಲಿ ಕನ್ನಡದ ‘ಳ’ಕಾರ ‘ಲ’ ಆಗಿಬಿಡುತ್ತದೆ. ನಾಳೆ ನಮಗೆ ‘ನಾಲೆ’. ಮನೆಯಲ್ಲಿ ಕೇಳದ ಸದ್ದು ಮಗುವಿನ ನಾಲಗೆಗೆ ಹೇಗೆ ಬರಬೇಕು? ಕಿವಿಗೆ ಬಾರದ್ದು ಕೈಗೂ ಬರುವುದಿಲ್ಲ. ಅದು ದಡ್ಡತನ ಅಲ್ಲ, ಮನೆಮಾತಿನ ಗುರುತು. ಇಷ್ಟು ತಿಳಿದಿರಬೇಕಾದ ನಾನೇ ನಕ್ಕಿದ್ದೆ.

ಅವತ್ತು ಸಂಜೆ ಆ ಹುಡುಗನ ಮನೆಗೆ ಹೋದೆ. ಅವನ ಉಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಉಪ್ಪ ಸೌದಿಯಲ್ಲಿ ಡ್ರೈವರ್. ‘‘ಅವನಿಗೆ ತಲೆಗೆ ಹತ್ತುವುದಿಲ್ಲ ಟೀಚರೇ. ಏಳನೇ ಮುಗಿಯಲಿ, ಮಾವನ ಅಂಗಡಿಗೆ ಕಳಿಸುವಾಂತ ಇದ್ದೇನೆ’’ ಅಂದರು. ನಾನು ಅವರ ಹತ್ತಿರ ಬ್ಯಾರಿಯಲ್ಲೇ ಮಾತಾಡಿದೆ. ಅವನಿಗೆ ತಲೆ ಇದೆ, ತಪ್ಪು ಮಾಡಿದ್ದು ನಾನು ಎಂದೆ. ಬಾಗಿಲ ಹಿಂದಿನಿಂದ ಹುಡುಗ ಇಣುಕಿದ. ಶಾಲೆಯಲ್ಲಿ ನಾನು ಒಂದು ದಿನವೂ ಬ್ಯಾರಿ ಮಾತಾಡಿರಲಿಲ್ಲ. ಕನ್ನಡ ಟೀಚರ್ ಎಂಬ ಬಿಗುಮಾನ. ‘‘ಟೀಚರ್‌ಗೆ ಬ್ಯಾರಿ ಬರುತ್ತದಾ?’’ ಎಂದು ಅವನು ಉಮ್ಮನ ಹತ್ತಿರ ಕೇಳಿದ. ಅವನೆದುರಿಗೇ ಮತ್ತೊಮ್ಮೆ ಹೇಳಿದೆ, ನಾನು ನಗಬಾರದಿತ್ತು ಎಂದು.

ಮರುದಿನ ಅವನು ಬಂದ. ನಾನು ಹಲಗೆಯ ಮೇಲೆ ಬಲೆ-ಬಳೆ, ಕಲೆ-ಕಳೆ, ಮಲೆ-ಮಳೆ, ಹಲ್ಲಿ-ಹಳ್ಳಿ ಎಂದು ಬರೆದೆ. ‘ಲ’ ಹೇಳುವಾಗ ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗುತ್ತದೆ. ‘ಳ’ಕ್ಕೆ ನಾಲಗೆ ಹಿಂದಕ್ಕೆ ಮಡಚಿ ಅಂಗಳ ಮುಟ್ಟಬೇಕು. ನಾನೂ ಚಿಕ್ಕವಳಿದ್ದಾಗ ಹೀಗೆಯೇ ಹೇಳುತ್ತಿದ್ದೆ ಎಂದು ಮಕ್ಕಳಿಗೆ ತಿಳಿಸಿದೆ. ಅವರು ಸೇರಿ ವಾಕ್ಯ ಕಟ್ಟಿದರು: ‘‘ಬಲೆ ಹಾಕಿ ಮೀನು ಹಿಡಿ, ಬಳೆ ಹಾಕಿ ಮದುವೆಗೆ ಹೋಗು.’’ ತುಳು ಮನೆಯ ಮಕ್ಕಳು ತಮ್ಮ ಮನೆಯ ಪದಗಳನ್ನು ತಂದರು. ಅಂದೂ ತರಗತಿ ನಕ್ಕಿತು. ಆದರೆ ಒಬ್ಬನನ್ನು ನೋಡಿ ಅಲ್ಲ.

ಈಗ ಯಾರಾದರೂ ನನ್ನ ನಂಬಿಕೆ ಏನೆಂದು ಕೇಳಿದರೆ ನಾಲ್ಕು ಪುಟ ಬೇಡ. ಮೊದಲನೆಯದು, ಮಗು ಮಾಡುವ ತಪ್ಪಿಗೆ ಒಂದು ಕಾರಣ ಇರುತ್ತದೆ. ಕೆಂಪು ಗೆರೆ ಎಳೆಯುವ ಮೊದಲು ಅದನ್ನು ಹುಡುಕಬೇಕು. ಎರಡನೆಯದು, ಶಾಲೆಯ ಗಂಟೆ ಬಾರಿಸುವ ಮೊದಲು ಆ ಮಗುವಿನ ಬೆಳಗು ಹೇಗಿತ್ತು ಎಂದು ಟೀಚರ್‌ಗೆ ಗೊತ್ತಿರಬೇಕು. ನಮ್ಮ ಮಕ್ಕಳು ಬೆಳಗ್ಗೆ ಬೇಗ ಎದ್ದು ಮದ್ರಸ ಮುಗಿಸಿ ಶಾಲೆಗೆ ಓಡಿ ಬರುತ್ತಾರೆ. ಎಷ್ಟೋ ಮಕ್ಕಳ ಹೊಟ್ಟೆಯಲ್ಲಿ ಒಂದು ಲೋಟ ಚಹಾ ಮಾತ್ರ. ಮೊದಲ ಪಿರಿಯಡ್‌ನಲ್ಲಿ ಆಕಳಿಸುವ ಮಗುವಿಗೆ ‘ಸೋಮಾರಿ’ ಎನ್ನುವ ಮೊದಲು ‘‘ತಿಂಡಿ ಆಯಿತಾ?’’ ಎಂದು ಕೇಳಲು ಕಲಿತಿದ್ದೇನೆ.

ಮೂರನೆಯದು ಬೆತ್ತದ ವಿಷಯ. ‘‘ಎರಡು ಬಾರಿಸಿ ಟೀಚರೇ, ನಾವು ಎಂತ ಕೂಡಾ ಕೇಳುವುದಿಲ್ಲ’’ ಎನ್ನುವ ಹೆತ್ತವರು ಈಗಲೂ ಇದ್ದಾರೆ. ಅವರದು ಪ್ರೀತಿಯೇ, ಗೊತ್ತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರವಲ್ಲ, ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಕಾಯ್ದೆ ಓದುವಾಗ ಆ ಎರಡನೇ ಮಾತು ನನಗೆ ತಾಗಿರಲಿಲ್ಲ. ನಾನು ಬೆತ್ತ ಮುಟ್ಟಿದವಳಲ್ಲ, ಆದರೆ ನನ್ನ ಒಂದು ನಗುವಿಗೆ ಒಂದು ಮಗು ಮೂರು ದಿನ ಮನೆಯಲ್ಲಿ ಕೂತಿತು.

ಹರೇಕಳ ಹಾಜಬ್ಬರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮಂಗಳೂರಿನಲ್ಲಿ ವಿದೇಶೀಯರು ಇಂಗ್ಲಿಷ್‌ನಲ್ಲಿ ಕಿತ್ತಳೆಯ ಬೆಲೆ ಕೇಳಿದಾಗ ಅವರಿಗೆ ಉತ್ತರಿಸಲು ಆಗಲಿಲ್ಲ. ಆ ನೋವಿನಿಂದ ನ್ಯೂಪಡ್ಪುವಿನಲ್ಲಿ ಒಂದು ಶಾಲೆಯೇ ಹುಟ್ಟಿತು, 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆದರೆ ಹಾಜಬ್ಬ ಒಬ್ಬರೇ. ಮಾತು ಬಾರದ ನಾಚಿಕೆ ಹೆಚ್ಚಿನ ಮಕ್ಕಳಿಂದ ಶಾಲೆ ಕಟ್ಟಿಸುವುದಿಲ್ಲ, ಶಾಲೆ ಬಿಡಿಸುತ್ತದೆ.

ಹೆತ್ತವರಲ್ಲಿ ನನ್ನದೊಂದು ವಿನಂತಿ. ಮಗು ಕನ್ನಡದಲ್ಲಿ ಹಿಂದಿದೆ ಎಂದು ಮನೆಯಲ್ಲಿ ಬ್ಯಾರಿ ನಿಲ್ಲಿಸಬೇಡಿ. ಉಮ್ಮನ ಭಾಷೆ ಗಟ್ಟಿಯಿದ್ದ ಮಗುವಿಗೆ ಇನ್ನೊಂದು ಭಾಷೆ ಕಲಿಯುವುದು ಸುಲಭ. ಅದರ ಜೊತೆಗೆ ದಿನಕ್ಕೆ ಹತ್ತು ನಿಮಿಷ ಕನ್ನಡ ಪತ್ರಿಕೆ ಕೊಟ್ಟು ಗಟ್ಟಿಯಾಗಿ ಓದಿಸಿ. ನಿಮಗೆ ಓದಲು ಬಾರದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತು ಕೇಳಿ. ಬೀಡಿ ಕಟ್ಟುತ್ತಲೂ ಕೇಳಬಹುದು. ಪೋಷಕರ ಸಭೆಗೆ ಬನ್ನಿ. ‘‘ಎಷ್ಟು ಮಾರ್ಕು?’’ ಎಂದು ಕೇಳುವ ಮೊದಲು ‘‘ಇವನು ಕ್ಲಾಸಿನಲ್ಲಿ ಮಾತಾಡುತ್ತಾನಾ?’’ ಎಂದು ಕೇಳಿ.

ಆ ಹುಡುಗ ಈಗ ಏಳನೇ ತರಗತಿ. ‘ಳ’ ಇನ್ನೂ ಕೆಲವೊಮ್ಮೆ ತಪ್ಪುತ್ತದೆ, ಆದರೆ ತಾನೇ ಹೊಡೆದು ಹಾಕಿ ತಿದ್ದುತ್ತಾನೆ. ಕೈ ಎತ್ತಿ ಪ್ರಶ್ನೆ ಕೇಳುತ್ತಾನೆ. ಮಾವನ ಅಂಗಡಿಯ ಮಾತು ಸದ್ಯಕ್ಕೆ ನಿಂತಿದೆ, ಮುಗಿದಿಲ್ಲ. ಎಂಟನೇ ತರಗತಿಗೆ ಹೈಸ್ಕೂಲ್ ದೂರ, ಬಸ್ಸಿನಲ್ಲಿ ಹೋಗಬೇಕು. ಕಳೆದ ವಾರ ಅವನ ಉಮ್ಮ ಶಾಲೆಗೆ ಬಂದಿದ್ದರು. ‘‘ಹೈಸ್ಕೂಲಿಗೆ ಫಾರ್ಮ್ ಯಾವಾಗ ಕೊಡುವುದು ಟೀಚರೇ?’’ ಎಂದು ಕೇಳಿ ಹೋದರು.