ನಿಂತು ನೋಡಿದವರೊಡನೆ ಮಾತಾಡುವ ಕಲ್ಲು, ಮನೆ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಗದ್ದಲ. ನಸುಕಿನಲ್ಲೇ ಶಾಲೆಯ ಮುಂದೆ ಬಸ್ಸು ಬಂದು ನಿಲ್ಲುತ್ತದೆ. ಬುತ್ತಿಯಲ್ಲಿ ಪುಳಿಯೋಗರೆ, ಕಿಟಕಿ ಪಕ್ಕದ ಸೀಟಿಗೆ ಜಗಳ, ಮೇಷ್ಟರ ಕೈಯಲ್ಲಿ ಹಾಜರಿ ಪಟ್ಟಿ. ಒಂದೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮರುದಿನ ಮೈಸೂರು. ಮಗು ಮನೆಗೆ ಮರಳಿದಾಗ ಅಪ್ಪ ಕೇಳುತ್ತಾರೆ: ‘ಏನು ನೋಡಿದೆ?’ ‘ದೇವಸ್ಥಾನ.’ ‘ಹೇಗಿತ್ತು?’ ‘ಚೆನ್ನಾಗಿತ್ತು.’ ಅಲ್ಲಿಗೆ ಪ್ರವಾಸದ ಕಥೆ ಮುಗಿಯಿತು!

ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಒಂದು ರಾಜಧಾನಿಯನ್ನು, ಹತ್ತು ನಿಮಿಷದಲ್ಲಿ ಒಬ್ಬ ಕವಿಯ ಬದುಕನ್ನು ನೋಡಿ ಮುಗಿಸಲು ದೊಡ್ಡವರಿಂದಲೂ ಆಗದು. ತಂದೆ ತಾಯಿ ಕಷ್ಟಪಟ್ಟು ಹೊಂದಿಸಿದ ಪ್ರವಾಸದ ಹಣ ಸಾರ್ಥಕವಾಗಬೇಕಾದರೆ ಎಷ್ಟು ಊರು ಸುತ್ತಿದೆವು ಎಂಬ ಲೆಕ್ಕ ಬಿಟ್ಟು, ಎಷ್ಟು ಹೊತ್ತು ನಿಂತೆವು ಎಂಬ ಲೆಕ್ಕ ಇಡಬೇಕು.

ಎರಡು ದಾರಿಗಳ ಊರು

ಅರಸೀಕೆರೆ ತಾಲ್ಲೂಕಿನ ಬಾಣಾವರವನ್ನೇ ತೆಗೆದುಕೊಳ್ಳಿ. ಬೆಂಗಳೂರು–ಹುಬ್ಬಳ್ಳಿ ರೈಲು ದಾರಿಯಲ್ಲಿ ಅರಸೀಕೆರೆ ಬಿಟ್ಟು ಕಡೂರಿನತ್ತ ಹೊರಟರೆ ನಡುವೆ ಸಿಗುವ ಊರಿದು. ಇಲ್ಲಿಂದ ಒಂದು ದಾರಿ ಜಾವಗಲ್ ಮೇಲೆ ಹಾಯ್ದು ಹಳೇಬೀಡಿಗೆ ಹೋಗುತ್ತದೆ. ಸುಮಾರು ಮೂವತ್ತು ಕಿಲೋಮೀಟರ್. ಅಲ್ಲಿಂದ ಬೇಲೂರು ಇನ್ನೂ ಹದಿನಾರು. ಇನ್ನೊಂದು ದಾರಿ ಹೆದ್ದಾರಿ. ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ ದಾಟಿ ಮಲೆನಾಡು ಸೇರುತ್ತದೆ. ತೀರ್ಥಹಳ್ಳಿಯ ಆಚೆ ಆ ದಿಕ್ಕಿನಲ್ಲೇ ಕುವೆಂಪು ಅವರ ಕುಪ್ಪಳಿ ಇದೆ.

ಮೊದಲ ದಾರಿಯ ತುದಿಯಲ್ಲಿ ಅರಸರ ಕಾಲದ ಕಲ್ಲು. ಎರಡನೆಯ ದಾರಿಯ ತುದಿಯಲ್ಲಿ ಒಂದು ಒಕ್ಕಲು ಮನೆತನದ ಮನೆ. ಎರಡೂ ವಸ್ತುಸಂಗ್ರಹಾಲಯಗಳೇ. ಆದರೆ ಎರಡನ್ನೂ ನೋಡುವ ಬಗೆ ಬೇರೆ.

ಕಣ್ಣಿನ ಎತ್ತರಕ್ಕೆ ಇಳಿದ ಶಿಲ್ಪ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಲಸ ಆರಂಭವಾದದ್ದು 1121ರ ಸುಮಾರಿಗೆ, ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಿಂದ. ಅದಕ್ಕೂ ಮೊದಲು, 1117ರಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಗಿತ್ತು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಇಷ್ಟನ್ನು ಪಠ್ಯಪುಸ್ತಕವೂ ಹೇಳೀತು. ಪುಸ್ತಕ ಹೇಳಲಾರದ್ದು ದೇವಾಲಯದ ಪಕ್ಕದಲ್ಲೇ ಇದೆ: ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯ.

ಬಹುಪಾಲು ಪ್ರವಾಸಿಗರು ಇದರ ಬಳಿಗೆ ಬರುವುದೇ ಇಲ್ಲ. ‘ಒಡೆದ ವಿಗ್ರಹಗಳಲ್ಲಿ ನೋಡುವುದೇನಿದೆ?’ ಎಂದು ಮುಂದೆ ಸಾಗುತ್ತಾರೆ. ನೋಡುವುದು ಇರುವುದೇ ಅಲ್ಲಿ! ಗುಡಿಯ ಗೋಡೆಯ ಮೇಲಿನ ಶಿಲ್ಪವನ್ನು ಕತ್ತೆತ್ತಿ ನೋಡಬೇಕು. ಅದರ ಬೆನ್ನು ಎಂದೂ ಕಾಣದು. ಇಲ್ಲಿ ಅದು ನೆಲಕ್ಕೆ, ಕಣ್ಣಿನ ಎತ್ತರಕ್ಕೆ ಇಳಿದಿದೆ. ಮುರಿದ ಕಡೆ ಕಲ್ಲಿನ ಒಳಮೈ ಕಾಣುತ್ತದೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಕಲ್ಲಿನ ಸರದಲ್ಲಿ ಮಣಿಮಣಿಯನ್ನೂ ಬಿಡಿಸಿ ಕೆತ್ತಲು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಕಲ್ಲಿನಲ್ಲೇ ಇದೆ. ಉಳಿದರ್ಧ, ಕೆತ್ತಿದ ಕೈಯಲ್ಲಿ.

ಇಷ್ಟೊಂದು ವಿಗ್ರಹಗಳು ಗುಡಿ ಬಿಟ್ಟು ಇಲ್ಲಿಗೇಕೆ ಬಂದವು ಎಂದು ಮಗು ಕೇಳಿದರೆ ಪಾಲಕರು ಸಂತೋಷಪಡಬೇಕು. ಅದು ಇತಿಹಾಸದ ಬಾಗಿಲು ತೆರೆಯುವ ಪ್ರಶ್ನೆ. ಇದು ದೋರಸಮುದ್ರವೆಂಬ ರಾಜಧಾನಿಯಾಗಿತ್ತು. 1311ರಲ್ಲಿ ಮಲ್ಲಿಕ್ ಕಾಫರನ ದಾಳಿ, ಬಳಿಕ ಇನ್ನಷ್ಟು ದಾಳಿಗಳು. ಹೊಯ್ಸಳರ ಆಳ್ವಿಕೆ ಮುಗಿಯಿತು, ರಾಜಧಾನಿ ಬರಿದಾಯಿತು. ಉಳಿದದ್ದು ಹಳೆಯ ಬೀಡು. ಸುತ್ತಮುತ್ತ ಪಾಳುಬಿದ್ದ ಗುಡಿ ಬಸದಿಗಳ ತುಂಡುಗಳು ಒಂದೆಡೆ ಸೇರಿ ಈ ಸಂಗ್ರಹವಾಯಿತು. ಊರಿನ ಹೆಸರಿಗೂ ಈ ಮುರಿದ ಕಲ್ಲುಗಳಿಗೂ ಇರುವ ನಂಟು ಆಗ ತಾನಾಗಿ ತಿಳಿಯುತ್ತದೆ.

ದೇವಾಲಯದಲ್ಲಿಯೂ ಎಲ್ಲವನ್ನೂ ನೋಡುವ ಹಟ ಬೇಡ. ಅಡಿಯ ಪಟ್ಟಿಕೆಯಲ್ಲಿ ಸಾಲಾಗಿ ಸಾಗುವ ಆನೆಗಳಲ್ಲಿ ಹತ್ತನ್ನು ಆರಿಸಿಕೊಂಡು, ಸೊಂಡಿಲು ಹೇಗಿದೆ, ಕಾಲು ಹೇಗಿದೆ, ಮಾವುತ ಏನು ಮಾಡುತ್ತಿದ್ದಾನೆ ಎಂದು ಬರೆದುಕೊಂಡರೆ ಸಾಕು. ಕೆತ್ತನೆ ಪೂರ್ತಿಯಾಗದೆ ಉಳಿದ ಕಲ್ಲುಗಳನ್ನು ಹುಡುಕುವುದು ಇನ್ನೊಂದು ಆಟ. ಸಿಕ್ಕರೆ, ಶಿಲ್ಪಿ ಎಲ್ಲಿಂದ ಆರಂಭಿಸುತ್ತಿದ್ದ ಎಂಬುದು ತಿಳಿಯುತ್ತದೆ. ಸ್ವಲ್ಪ ದೂರದಲ್ಲಿ 1133ರ ಪಾರ್ಶ್ವನಾಥ ಬಸದಿ ಇದೆ. ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು. ಅಲ್ಲಿಯ ಕಂಬಗಳಲ್ಲಿ ಮುಖ ಕಾಣುವಷ್ಟು ನುಣುಪು. ಬಸ್ಸುಗಳ ಅವಸರದಲ್ಲಿ ಇದು ತಪ್ಪಿಹೋಗುವುದೇ ಹೆಚ್ಚು.

ಕಲ್ಲಿನ ಮೇಲೆ ಹೆಸರು

ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರನ್ನು ಬಿಟ್ಟುಹೋಗಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರ ಹೆಸರೂ ಇವೆ. ತಂದೆಯ ಪಕ್ಕದಲ್ಲಿ ಕೂತು ಮಗ ಕಸುಬು ಕಲಿತ ಚಿತ್ರ ಕಣ್ಣಮುಂದೆ ಬರುತ್ತದೆ. ಬಾಣಾವರದಿಂದ ಹೋಗುವಾಗ ಅರ್ಧ ದಾರಿಯಲ್ಲಿ ಸಿಗುವ ಜಾವಗಲ್‌ನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ಕೆಲಸ ಮಾಡಿದ್ದಾನೆ. ಅದೇ ಹೆಸರು ದೂರದ ಸೋಮನಾಥಪುರದಲ್ಲಿಯೂ ಮತ್ತೆಮತ್ತೆ ಕಾಣುತ್ತದೆ. ಅರಸರ ಹೆಸರನ್ನು ಬಾಯಿಪಾಠ ಮಾಡುವ ಮಕ್ಕಳು ಈ ಮೂರು ಹೆಸರುಗಳನ್ನೂ ನೆನಪಿಟ್ಟುಕೊಂಡರೆ ಚೆನ್ನ.

ಇದನ್ನು ಕೇಳಿದ ತುಂಟನೊಬ್ಬ ‘ಹಾಗಾದರೆ ನಾವೂ ಕಲ್ಲಿನ ಮೇಲೆ ಹೆಸರು ಕೆತ್ತಬಹುದಲ್ಲ?’ ಎನ್ನಬಹುದು. ಉತ್ತರ ಸುಲಭ. ದಾಸೋಜ ತಾನು ಕೆತ್ತಿದ ಶಿಲ್ಪದ ಕೆಳಗೆ ಹೆಸರಿಟ್ಟ. ಇನ್ನೊಬ್ಬರು ಕೆತ್ತಿದ್ದರ ಮೇಲೆ ಗೀಚುವವನು ಆ ಕೆಲಸವನ್ನು ಕೆಡಿಸುತ್ತಾನೆ.

ಕವಿಮನೆಯ ಒಳಗೆ

ಇನ್ನು ಎರಡನೆಯ ದಾರಿ. ಕುವೆಂಪು ಹುಟ್ಟಿದ್ದು 1904ರಲ್ಲಿ, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬಾಲ್ಯ ಕಳೆದದ್ದು ಕುಪ್ಪಳಿಯ ತುಂಬು ಮನೆಯಲ್ಲಿ. ಮರದ ಕಂಬಗಳ, ಮೂರು ಅಂತಸ್ತಿನ ಆ ಮನೆ ಇಂದು ‘ಕವಿಮನೆ’. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತಿದೆ.

ಇಲ್ಲಿ ಮಕ್ಕಳನ್ನು ನೇರವಾಗಿ ಪ್ರಶಸ್ತಿಗಳ ಮುಂದೆ ನಿಲ್ಲಿಸುವುದು ವಾಡಿಕೆ. ಅದರ ಬದಲು ಅಂಗಳದಿಂದ ಆರಂಭಿಸಿ ನೋಡಿ. ಬಯಲುಸೀಮೆಯ ಮಗುವಿಗೆ ಈ ಮನೆಯೇ ಒಂದು ಅಚ್ಚರಿ. ಮಾಡು ಇಷ್ಟೇಕೆ ಇಳಿಜಾರು? ಇಷ್ಟು ಮರ ಎಲ್ಲಿಂದ ಬಂತು? ಮಳೆ ಹಿಡಿದರೆ ಬಿಡದ ನಾಡಿನಲ್ಲಿ ಕಾಳುಕಡಿ ಎಲ್ಲಿಡುತ್ತಿದ್ದರು? ಒಳಗೆ ಅಡಿಗೆಯ, ಬೇಸಾಯದ ಹಳೆಯ ಸಾಮಾನುಗಳಿವೆ. 1937ರಲ್ಲಿ ಕವಿಯ ಮದುವೆ ನಡೆದ ಮಂಟಪವಿದೆ. ಪುಸ್ತಕ, ಹಸ್ತಪ್ರತಿ, ಭಾವಚಿತ್ರಗಳಿವೆ. ಮಲೆನಾಡಿನ ಕಾದಂಬರಿಗಳನ್ನು ಬರೆದ ಕೈ ಯಾವ ಬಾಗಿಲು ತಳ್ಳಿ, ಯಾವ ಕಂಬ ಹಿಡಿದು ಬೆಳೆಯಿತು ಎಂಬುದು ಇಲ್ಲಿ ತಿಳಿಯುತ್ತದೆ. ಆ ತಿಳಿವು ಇಟ್ಟುಕೊಂಡು ಮೇಲೆ ಕವಿಶೈಲಕ್ಕೆ ಹತ್ತಿದರೆ, ಕವಿ ಚಿರನಿದ್ರೆಯಲ್ಲಿರುವ ಆ ಬಂಡೆಗಳ ನಡುವೆ ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಾರೆ. ‘ಗಲಾಟೆ ಮಾಡಬೇಡಿ’ ಎಂದು ಹೇಳಬೇಕಾಗುವುದಿಲ್ಲ.

2015ರ ನವೆಂಬರ್‌ನಲ್ಲಿ ಈ ಮನೆಗೆ ಕಳ್ಳರು ನುಗ್ಗಿ ಕವಿಗೆ ಸಂದಿದ್ದ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ನಾಡಿಗೇ ನೋವಾಯಿತು. ಆದರೆ ಒಂದು ಮಾತು ಯೋಚಿಸಬೇಕು. ಪದಕದಂಥದೇ ಇನ್ನೊಂದು ಪದಕ ಮಾಡಿಸಬಹುದು. ಹಲವು ತಲೆಮಾರುಗಳ ಕಾಲು ತಾಗಿ ಸವೆದ ಹೊಸಿಲನ್ನು ಮಾಡಿಸಲು ಬರುವುದಿಲ್ಲ.

ಕೆಡವುವುದರಿಂದ ಉಳಿದ ಮನೆ

ಎಲ್ಲ ಮನೆಗಳಿಗೂ ಕುಪ್ಪಳಿಯ ಭಾಗ್ಯವಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿ ಬಾಳಿದ ಮನೆಯನ್ನು 2011ರಲ್ಲಿ ಕೆಡವುವ ಕೆಲಸ ಆರಂಭವಾಗಿತ್ತು. ಸುದ್ದಿ ಹೊರಬಿದ್ದು, ಓದುಗರು ದನಿ ಎತ್ತಿದ ಮೇಲೆ ಅದು ನಿಂತಿತು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಸಾರ್ವಜನಿಕರ ಹಣವೇಕೆ ಎಂದು ಕೆಲವು ಕನ್ನಡ ಲೇಖಕರು ಆಕ್ಷೇಪಿಸಿದ್ದೂ ಉಂಟು. ಕೊನೆಗೆ ಮನೆ ದುರಸ್ತಿಯಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಸಾಮಾನು ತುಂಬಿದ ಮನೆಯನ್ನು ನಿರೀಕ್ಷಿಸಿ ಹೋದವರಿಗೆ ಇಲ್ಲಿ ನಿರಾಸೆಯಾಗಬಹುದು. ಅದಕ್ಕೆ ಮದ್ದು, ಹೋಗುವ ಮುನ್ನ ಮಾಲ್ಗುಡಿಯ ಒಂದೆರಡು ಕಥೆ ಓದುವುದು. ನಂತರ ಮಹಡಿಯ ಮೇಲೆ, ಎಂಟು ಕಿಟಕಿಗಳ ಬರೆಯುವ ಕೋಣೆಯಲ್ಲಿ ನಿಂತು ಹೊರಗೆ ನೋಡಬೇಕು. ಖಾಲಿ ಕೋಣೆ ಆಗ ಖಾಲಿ ಎನಿಸುವುದಿಲ್ಲ.

ಬೆಳಕು ಎಲ್ಲಿಂದ ಬಂತು?

ಕಲಾಶಾಲೆಗಳಿಗೂ ಇದೇ ಮಾತು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಎಸ್.ಎಲ್. ಹಳದಣಕರ್ 1940ರ ದಶಕದಲ್ಲಿ ಬರೆದ, ದೀಪ ಹಿಡಿದ ಹೆಣ್ಣಿನ ಚಿತ್ರ ಪ್ರಸಿದ್ಧ. ಜನ ಸಾಲಿನಲ್ಲಿ ಬಂದು, ‘ಆಹಾ’ ಎಂದು, ಸಾಗುತ್ತಾರೆ. ಐದು ನಿಮಿಷ ನಿಂತವರಿಗೆ ಸಿಗುವುದು ಬೇರೆ. ಬೆರಳುಗಳ ನಡುವಿನ ಕೆಂಪು, ಮುಖದ ಒಂದು ಬದಿಗೆ ಬಿದ್ದ ಹೊಳಪು, ಸೀರೆಯ ಮಡಿಕೆಗಳಲ್ಲಿ ಕರಗುವ ನೆರಳು... ಇಷ್ಟಕ್ಕೂ ಅದು ಕಾಗದದ ಮೇಲಿನ ಜಲವರ್ಣ! ಮನೆಗೆ ಬಂದ ಮೇಲೆ ಮಗು ಹಣತೆಯೊಂದನ್ನು ಕೈಯಲ್ಲಿ ಹಿಡಿದು ಕನ್ನಡಿ ನೋಡಿಕೊಂಡರೆ ಚಿತ್ರಕಾರನ ಪಾಠ ಪೂರ್ತಿಯಾದಂತೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳಿವೆ, ರೋರಿಕ್‌ರ ಹಿಮಾಲಯವಿದೆ. 2003ರಿಂದ ಅದು ನಡೆಸುತ್ತ ಬಂದ ಚಿತ್ರಸಂತೆಯಲ್ಲಿ ಕಲಾವಿದರೇ ರಸ್ತೆಬದಿಯಲ್ಲಿ ಕೂತಿರುತ್ತಾರೆ. ‘ಇದನ್ನು ಹೇಗೆ ಮಾಡಿದಿರಿ?’ ಎಂದು ಕೇಳಲು ಮಕ್ಕಳಿಗೆ ಸಂಕೋಚ ಬೇಡ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಹಳ್ಳಿಯ ಮಕ್ಕಳಿಗೆ ಇನ್ನೊಂದು ಅನುಭವ ಕಾದಿರುತ್ತದೆ. ತಮ್ಮ ಹಿತ್ತಲಲ್ಲಿ ಬಿದ್ದಿರುವಂಥ ಸಾಮಾನು ಅಲ್ಲಿ ಗೌರವದಿಂದ ಕೂತಿದೆ!

ಹೊರಡುವ ಮುನ್ನ

* ಒಂದು ದಿನಕ್ಕೆ ಒಂದೇ ಊರು, ಹೆಚ್ಚೆಂದರೆ ಎರಡು. ಒಂದು ಸಂಗ್ರಹಾಲಯದಲ್ಲಿ ಮೂರೇ ವಸ್ತು ಆರಿಸಿ, ಪ್ರತಿಯೊಂದರ ಮುಂದೆ ಹತ್ತು ನಿಮಿಷ ನಿಲ್ಲಿ.

* ವಾರದ ರಜೆ ವಿಚಾರಿಸಿ. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂಗ್ರಹಾಲಯಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

* ಪೆನ್ಸಿಲ್, ನೋಟ್‌ಬುಕ್ ಇರಲಿ. ಫೋಟೊ ತೆಗೆದ ವಸ್ತು ಮರೆತುಹೋದೀತು, ಬರೆದುಕೊಂಡದ್ದು ಉಳಿಯುತ್ತದೆ. ಚಿತ್ರ ವಕ್ರವಾದರೂ ಚಿಂತೆಯಿಲ್ಲ.

* ಮುಟ್ಟಬೇಡಿ ಎಂದಷ್ಟೇ ಹೇಳಬೇಡಿ, ಕಾರಣ ಹೇಳಿ. ಬೆರಳಿನ ಬೆವರು, ಜಿಡ್ಡು ದಿನವೂ ಸೇರಿದರೆ ಚಿತ್ರ, ಬಟ್ಟೆ, ಕಾಗದ ಕೆಡುತ್ತವೆ, ಕಲ್ಲೂ ಮಾಸುತ್ತದೆ.

* ಪ್ರತಿ ವಸ್ತುವಿಗೂ ನಾಲ್ಕು ಪ್ರಶ್ನೆ: ಯಾರು ಮಾಡಿದರು? ಯಾತರಿಂದ? ಯಾರು ಬಳಸಿದರು? ಇಲ್ಲಿಗೆ ಹೇಗೆ ಬಂತು?

* ಪಾಲಕರು ‘ಬೇಗ ಬಾ’ ಎನ್ನುವುದನ್ನು ಆ ಒಂದು ದಿನ ಮರೆಯಲಿ.

ಅಟ್ಟದ ಮೇಲಿನ ಸಂಗ್ರಹ

ಈ ನಾಲ್ಕು ಪ್ರಶ್ನೆ ಕೇಳಲು ಕಲಿತ ಮಗುವಿಗೆ ಬಸ್ಸು ಹತ್ತಲೇಬೇಕೆಂದಿಲ್ಲ. ಬಾಣಾವರ, ಅರಸೀಕೆರೆಯ ಹಳೆಯ ಮನೆಗಳ ಅಟ್ಟದಲ್ಲಿ ಕಾಯಿ ಒಣಗಿ ಕೊಬ್ಬರಿಯಾಗುವುದನ್ನು ನೋಡಿ ಬೆಳೆದ ಮಕ್ಕಳಿವರು. ಅದೇ ಮನೆಗಳ ಮೂಲೆಯಲ್ಲಿ ರಾಗಿ ಬೀಸುವ ಕಲ್ಲು, ಒನಕೆ, ಕಡೆಗೋಲು, ಅಳೆಯುವ ಸೇರು, ಪಾವು, ಕೊಳಗ ಇರಬಹುದು. ಮನೆ ಹೊಸದಾಗಿ ಕಟ್ಟಿಸುವಾಗ ಇವು ಗುಜರಿಗೆ ಹೋಗುತ್ತವೆ, ಇಲ್ಲವೆ ಒಲೆಗೆ.

ಶಾಲೆಯ ಒಂದು ಕೋಣೆಯ ಮೂಲೆ, ಎರಡು ಬೆಂಚು ಸಾಕು. ಮಕ್ಕಳು ಮನೆಮನೆಯಿಂದ ಒಂದೊಂದು ವಸ್ತು ತಂದು, ಪಕ್ಕದಲ್ಲಿ ಒಂದು ಚೀಟಿ ಬರೆದಿಟ್ಟರೆ ಅದೂ ವಸ್ತುಸಂಗ್ರಹಾಲಯವೇ. ವಸ್ತು ತರುವುದು ಸುಲಭ, ಕಷ್ಟವಿರುವುದು ಚೀಟಿಯಲ್ಲಿ. ಆ ಕೊಳಗದಲ್ಲಿ ಯಾರ ಕಣದ ರಾಗಿ ಅಳೆದರು, ಬೀಸುವ ಕಲ್ಲಿನ ಮುಂದೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಯಾವ ವರ್ಷ ಊರಿಗೆ ಹಿಟ್ಟಿನ ಗಿರಣಿ ಬಂತು... ಇದನ್ನೆಲ್ಲ ಬಲ್ಲವರು ಅಜ್ಜಿ ಒಬ್ಬರೇ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.