ಬೈಕು ನಿಂತರೆ ಮೊದಲು ಕಾರ್ಬೊರೇಟರ್ ಬಿಚ್ಚಬೇಡಿ

– ಪಶುವೈದ್ಯಾಧಿಕಾರಿ, ಕೆ.ಆರ್. ಪೇಟೆ



ಈ ಸಂಚಿಕೆಯಲ್ಲಿ ಕೆಚ್ಚಲು ಬಾವಿನ ಬಗ್ಗೆಯಾಗಲಿ, ಮೇವಿನ ಬಗ್ಗೆಯಾಗಲಿ ಬರೆಯುತ್ತಿಲ್ಲ. ಬೈಕಿನ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯನಿಗೆ ಇದೇಕೆ ಎನ್ನಬೇಡಿ. ನಿಮ್ಮ ಮನೆಯ ಹಾಲು ಡೇರಿಗೆ ಹೋಗುವುದು ಬೈಕಿನಲ್ಲಿ, ನಾನು ನಿಮ್ಮ ಕೊಟ್ಟಿಗೆಗೆ ಬರುವುದೂ ಬೈಕಿನಲ್ಲಿ. ಅದು ದಾರಿಯಲ್ಲಿ ನಿಂತರೆ ಹಾಲು ಒಡೆಯುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ.

ನನ್ನದು ಹಳೆಯ ಯೆಜ್ಡಿ ರೋಡ್‌ಕಿಂಗ್. ನಮ್ಮ ತಂದೆ ಕೊಂಡಿದ್ದು. ಮೈಸೂರಿನಲ್ಲಿ 1960ರಲ್ಲಿ ಸ್ಥಾಪನೆಯಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ದೂರದ ಪ್ರಯಾಣಕ್ಕೆಂದೇ ಹೆಸರಾದ ಬೈಕು. ಎರಡು ಕ್ಯಾನು ಕಟ್ಟಿಕೊಂಡು ಹಳ್ಳ ದಿಣ್ಣೆ ಹತ್ತಿಸಿದರೂ ದಣಿಯುತ್ತಿರಲಿಲ್ಲ.

ಒಂದು ಮಳೆಗಾಲದ ರಾತ್ರಿ ಹತ್ತರ ಸುಮಾರಿಗೆ ಫೋನ್ ಬಂತು. ಚೊಚ್ಚಲ ಹಸು, ಕರುವಿನ ಮುಂಗಾಲು ಎರಡೂ ಕಾಣುತ್ತಿವೆ, ತಲೆ ಬರುತ್ತಿಲ್ಲ. ಕರುವಿನ ಕತ್ತು ಹಿಂದಕ್ಕೆ ತಿರುಗಿದೆ ಎಂದು ಕೇಳಿದ ಕೂಡಲೇ ಗೊತ್ತಾಯಿತು. ಹೊರಟೆ. ಹೊಸಹೊಳಲು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಮುಕ್ಕಿ ಮುಕ್ಕಿ ನಿಂತಿತು. ಕಾರ್ಬೊರೇಟರಿನಲ್ಲಿ ಕಸ ಎಂದು ನಾನೇ ತೀರ್ಮಾನಿಸಿ, ಮೊಬೈಲ್ ಬೆಳಕಿನಲ್ಲಿ ರಸ್ತೆ ಬದಿ ಕೂತು ಬಿಚ್ಚಿದೆ. ಕಸವೇನೂ ಇರಲಿಲ್ಲ. ಮತ್ತೆ ಜೋಡಿಸಿ ಒದ್ದೆ, ಸ್ಟಾರ್ಟ್ ಆಯಿತು. ನಾನೇ ಸರಿಮಾಡಿದೆ ಎಂಬ ಹೆಮ್ಮೆಯಲ್ಲಿ ಹೋದೆ. ಐದಾರು ಕಿಲೋಮೀಟರಿನಲ್ಲಿ ಮತ್ತೆ ನಿಂತಿತು. ಕೊನೆಗೆ ಆ ಮನೆಯ ಹುಡುಗನೇ ಬಂದು ಕರೆದೊಯ್ದ. ಮುಕ್ಕಾಲು ಗಂಟೆ ತಡವಾಗಿತ್ತು. ಕೈ ಹಾಕಿ ತಲೆ ತಿರುಗಿಸಿ ಕರು ಹೊರತೆಗೆದೆ, ಉಸಿರಿರಲಿಲ್ಲ. ಹಸು ಉಳಿಯಿತು. "ಕರ ವೋದ್ರೆ ವೋಯ್ತು ಬುಡಿ ಸಾರ್, ಹಸ ಉಳ್ಕತ್ತಲ್ಲ" ಎಂದರು ಯಜಮಾನರು. ಹೆಣ್ಣುಗರು ಅದು.

ಮಾರನೇ ದಿನ ಪೇಟೆಯ ಮೆಕ್ಯಾನಿಕ್ ಬೈಕಿಗೆ ಸ್ಪ್ಯಾನರ್ ಮುಟ್ಟಿಸಲೇ ಇಲ್ಲ. "ಎಷ್ಟು ದೂರ ಓಡಿದ ಮೇಲೆ ನಿಲ್ಲುತ್ತೆ ಸಾರ್? ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತಾ?" ಎಂದು ಕೇಳಿದರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. 'ಸುಸ್' ಎಂದು ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತಿದೆ, ಅದು ಕೆಸರಿನಿಂದ ಮುಚ್ಚಿತ್ತು. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಬರದಿದ್ದರೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ಮೆಲ್ಲಗೆ ಸೇರಿ ಮತ್ತೆ ಇಳಿಯುತ್ತದೆ. ನನ್ನ ರಿಪೇರಿಯಿಂದ ಬೈಕು ಸ್ಟಾರ್ಟ್ ಆಗಿರಲಿಲ್ಲ, ನಾನು ಕಳೆದ ಸಮಯದಿಂದ ಆಗಿತ್ತು.

ಕಾಯಿಲೆ ಹಸು ಕಂಡ ಕೂಡಲೇ ಇಂಜೆಕ್ಷನ್ ಚುಚ್ಚಬೇಡಿ, ಮೊದಲು ವಿಚಾರಿಸಿ, ನೋಡಿ, ಮುಟ್ಟಿ ಎಂದು ನಿಮಗೆ ಹೇಳುವ ನಾನೇ ಬೈಕಿನ ವಿಷಯದಲ್ಲಿ ಅದನ್ನು ಮರೆತಿದ್ದೆ. ಆದ್ದರಿಂದ ಈ ಲೇಖನ.

ಕಾರ್ಬೊರೇಟರ್ ಏನು ಮಾಡುತ್ತದೆ?

ಪೆಟ್ರೋಲ್ ಒಂದೇ ಉರಿಯುವುದಿಲ್ಲ, ಗಾಳಿಯೊಡನೆ ಬೆರೆಯಬೇಕು. 1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕೆ.ಜಿ. ಗಾಳಿ ಬೇಕು. ಈ ಪಡಿ ಕಲಸಿಕೊಡುವುದೇ ಕಾರ್ಬೊರೇಟರ್ ಕೆಲಸ.

ಅದರ ಕೆಳಭಾಗದಲ್ಲಿ ಒಂದು ಬಟ್ಟಲಿದೆ. ಅದಕ್ಕೆ ಬೌಲ್ ಎನ್ನುತ್ತಾರೆ. ಕೊಟ್ಟಿಗೆಯ ನೀರಿನ ತೊಟ್ಟಿಗೆ ಫ್ಲೋಟ್ ವಾಲ್ವ್ ಹಾಕಿಸಿದ್ದೀರಲ್ಲ, ನೀರು ತುಂಬಿದಾಗ ತಾನೇ ನಿಲ್ಲುವಂಥದ್ದು, ಅದೇ ಏರ್ಪಾಡು ಇಲ್ಲಿಯೂ ಇದೆ. ಪೆಟ್ರೋಲ್ ತುಂಬಿದರೆ ಫ್ಲೋಟ್ ಮೇಲೆದ್ದು ಸೂಜಿಯಿಂದ ದಾರಿ ಮುಚ್ಚುತ್ತದೆ. ಎಂಜಿನ್ ಗಾಳಿ ಎಳೆಯುವಾಗ ಆ ಗಾಳಿ ಇಕ್ಕಟ್ಟಾದ ಗಂಟಲಿನಲ್ಲಿ ಜೋರಾಗಿ ನುಗ್ಗುತ್ತದೆ. ಅಲ್ಲಿ ಒತ್ತಡ ತಗ್ಗಿ ಬಟ್ಟಲಿನ ಪೆಟ್ರೋಲ್ ಹಿತ್ತಾಳೆಯ ಜೆಟ್ ಮೂಲಕ ಮೇಲೇರಿ ಗಾಳಿಯೊಡನೆ ಬೆರೆಯುತ್ತದೆ. ಜೆಟ್ ಎರಡು: ನಿಂತಲ್ಲೇ ಓಡಲು ಸಣ್ಣ ಪೈಲಟ್ ಜೆಟ್, ವೇಗಕ್ಕೆ ದೊಡ್ಡ ಮೇನ್ ಜೆಟ್. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಧೂಳಿನ ಒಂದು ಕಣ ಸಾಕು, ಅದು ಕಟ್ಟಿಕೊಳ್ಳಲು.

ಟ್ಯಾಂಕಿನಿಂದ ಕೆಳಕ್ಕೆ ಬನ್ನಿ

ಪೆಟ್ರೋಲ್ ಬರುವ ದಾರಿಯಲ್ಲೇ ಒಂದೊಂದಾಗಿ ನೋಡುತ್ತಾ ಬನ್ನಿ. ಕಾರ್ಬೊರೇಟರ್ ಕೊನೆಯದು.

1. ಪೆಟ್ರೋಲ್ ಇದೆಯೇ? ಮುಚ್ಚಳ ತೆಗೆದು ಬೈಕು ಅಲ್ಲಾಡಿಸಿ ನೋಡಿ. ಕಾಕ್ 'ಆನ್'ನಲ್ಲಿದ್ದರೆ 'ರಿಸರ್ವ್'ಗೆ ತಿರುಗಿಸಿ. ನಗಬೇಡಿ, ಅರ್ಧ ಕಿಲೋಮೀಟರ್ ಬೈಕು ತಳ್ಳಿದ ಮೇಲೆ ಕಾಕ್ ನೆನಪಾದವರನ್ನು ಕಂಡಿದ್ದೇನೆ.

2. ಮುಚ್ಚಳದ ತೂತು. ಮುಚ್ಚಳ ತೆಗೆದಾಗ 'ಸುಸ್' ಎಂದರೆ, ಆಮೇಲೆ ಬೈಕು ಸರಿಯಾಗಿ ಓಡಿದರೆ, ತೂತು ಕಟ್ಟಿದೆ ಎಂದೇ ಅರ್ಥ. ಊದಿ ಸ್ವಚ್ಛಮಾಡಿ.

3. ಕಿಡಿ ಇದೆಯೇ? ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ. ಪೆಟ್ರೋಲ್ ಪೈಪ್ ಬಿಚ್ಚುವ ಮೊದಲೇ ಈ ಪರೀಕ್ಷೆ ಮುಗಿಸಬೇಕು, ಚೆಲ್ಲಿದ ಪೆಟ್ರೋಲಿನ ಹತ್ತಿರ ಕಿಡಿ ಹಾರಿಸಬಾರದು. ಕಿಡಿಯೇ ಇಲ್ಲದಿದ್ದರೆ ತೊಂದರೆ ಪೆಟ್ರೋಲಿನದಲ್ಲ, ಕರೆಂಟಿನದು.

ಸಗಣಿ ನೋಡಿ ಹಸುವಿನ ಹೊಟ್ಟೆ ತಿಳಿಯುವಂತೆ ಪ್ಲಗ್ ನೋಡಿ ಎಂಜಿನ್ ತಿಳಿಯಬಹುದು. ತುದಿ ತಿಳಿ ಕಂದು ಬಣ್ಣವಾಗಿದ್ದರೆ ಪಡಿ ಸರಿಯಾಗಿದೆ. ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ. ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ತುಂಬಿ ಹರಿದಿದೆ: ಚೋಕ್ ತೆಗೆದು, ಪ್ಲಗ್ ಒರೆಸಿ, ಐದು ನಿಮಿಷ ಆರಲು ಬಿಡಿ.

4. ಪೆಟ್ರೋಲ್ ಹರಿಯುತ್ತಿದೆಯೇ? ಎಂಜಿನ್ ತಣ್ಣಗಾದ ಮೇಲೆ ಕಾರ್ಬೊರೇಟರ್ ಕಡೆಯ ಪೈಪ್ ತೆಗೆದು ಗಾಜಿನ ಬಾಟಲಿಗೆ ಹಿಡಿದು ಕಾಕ್ ತೆರೆಯಿರಿ. ಧಾರೆ ಒಂದೇ ಸಮ ಬೀಳಬೇಕು. ತೊಟ್ಟಿಕ್ಕಿದರೆ ಕಾಕಿನ ಜಾಲರಿ ಕಟ್ಟಿದೆ ಅಥವಾ ಪೈಪ್ ಮಡಿಚಿದೆ.

5. ಬಾಟಲಿಯನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ಹಾಲಿನ ಮೇಲೆ ಕೆನೆ ನಿಂತಂತೆ ಪೆಟ್ರೋಲ್ ಮೇಲೆ ನಿಂತು, ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ. ತುಕ್ಕು, ಮರಳು ಇದ್ದರೂ ತಳ ಸೇರುತ್ತದೆ. ಹಾಗಿದ್ದರೆ ಟ್ಯಾಂಕ್ ಖಾಲಿಮಾಡಿ ತೊಳೆಸಬೇಕು. ಟ್ಯಾಂಕ್ ಬಿಟ್ಟು ಕಾರ್ಬೊರೇಟರ್ ಮಾತ್ರ ತೊಳೆಸಿದರೆ ವಾರದಲ್ಲಿ ಅದೇ ಕಥೆ.

ಲಕ್ಷಣ ನೋಡಿ ಕಾರಣ ತಿಳಿಯಿರಿ

ಇಷ್ಟೂ ಸರಿಯಿದ್ದು ತೊಂದರೆ ಉಳಿದಿದ್ದರೆ ಆಗ ಕಾರ್ಬೊರೇಟರ್ ಮೇಲೆ ಅನುಮಾನ ಪಡಿ.

● ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ತೆಗೆದರೆ ನಿಲ್ಲುತ್ತದೆ: ಪೈಲಟ್ ಜೆಟ್ ಕಟ್ಟಿದೆ.
● ನಿಂತಲ್ಲಿ ಚೆನ್ನಾಗಿದೆ, ಕ್ಯಾನು ಹೇರಿ ಏರು ಹತ್ತುವಾಗ ಮುಕ್ಕುತ್ತದೆ: ಮೇನ್ ಜೆಟ್ಟಿನಲ್ಲಿ ಕಸ ಅಥವಾ ಪೆಟ್ರೋಲ್ ಹರಿವು ಸಾಲದು.
● ಕೆಳಗಿನ ಪೈಪಿನಿಂದ ಪೆಟ್ರೋಲ್ ಸೋರುತ್ತದೆ: ಫ್ಲೋಟಿನ ಸೂಜಿಯಲ್ಲಿ ಕಸ ಸಿಕ್ಕಿದೆ, ಸೂಜಿ ಸವೆದಿದೆ ಅಥವಾ ಫ್ಲೋಟ್ ತೂತಾಗಿದೆ. ಕಾಕ್ ಮುಚ್ಚಿ, ಸ್ಕ್ರೂಡ್ರೈವರ್ ಹಿಡಿಯಿಂದ ಬೌಲಿಗೆ ಮೆಲ್ಲಗೆ ತಟ್ಟಿ ನೋಡಿ. ನಿಲ್ಲದಿದ್ದರೆ ಬೈಕು ಓಡಿಸಬೇಡಿ, ಬೆಂಕಿಯ ಅಪಾಯ.
● ಕಪ್ಪು ಹೊಗೆ, ಮೈಲೇಜ್ ಕಡಿಮೆ: ಏರ್ ಫಿಲ್ಟರ್ ಕಟ್ಟಿದೆ ಅಥವಾ ಚೋಕ್ ಪೂರ್ತಿ ತೆರೆದಿಲ್ಲ. ಮೇವು ಕತ್ತರಿಸುವ ಯಂತ್ರದ ಪಕ್ಕ ಬೈಕು ನಿಲ್ಲಿಸುವವರಲ್ಲಿ ಇದು ಹೆಚ್ಚು. ಹುಲ್ಲಿನ ಹೊಟ್ಟು ಫಿಲ್ಟರ್ ತುಂಬಿರುತ್ತದೆ.
● ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುವುದು ಇಳಿಯುವುದಿಲ್ಲ: ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಂಡಿರಬಹುದು. ಕೇಬಲ್ ಸರಿಯಿದ್ದರೆ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕುಬಿಟ್ಟು ಗಾಳಿ ಕದಿಯುತ್ತಿದೆ.

ಜೆಟ್ಟಿಗೆ ತಂತಿ ಹಾಕಬೇಡಿ

ಹಾಲು ಬರದ ಮೊಲೆಗೆ ಕಡ್ಡಿ, ತಂತಿ ತೂರಿಸಬೇಡಿ ಎಂದು ಎಷ್ಟು ಸಲ ಹೇಳಿದ್ದೇನೆ! ತೂರಿಸಿದರೆ ಒಳಗಿನ ಪದರ ಹರಿದು, ಸೋಂಕು ಹತ್ತಿ, ಆ ಮೊಲೆಯೇ ಹೋಗುತ್ತದೆ. ಜೆಟ್ಟಿಗೂ ಇದೇ ಮಾತು. ಹಿತ್ತಾಳೆ ಮೆತ್ತಗಿನ ಲೋಹ. ಪಿನ್ನು ಹಾಕಿ ತಿರುಗಿಸಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಬೈಕು ಸದಾ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿದರೆ ಸಾಕು. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಸ್ಪ್ರೇ ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಕೊಳ್ಳಿ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಟ್ಯೂನಿಂಗ್ ಸ್ಕ್ರೂ ತೆಗೆಯುವುದಾದರೆ ಮೊದಲು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಿ. ಮತ್ತೆ ಹಾಕುವಾಗ ಅಷ್ಟೇ ಸುತ್ತು ಹೊರಕ್ಕೆ ಬರಬೇಕು.

ನಮ್ಮ ಕಬ್ಬು, ನಮ್ಮ ಪೆಟ್ರೋಲ್

ಈಗ ಬಂಕಿನಲ್ಲಿ ಸಿಗುವುದು ಬಹುಪಾಲು ಇ20, ಎಂದರೆ ನೂರಕ್ಕೆ 20 ಭಾಗದವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ತಯಾರಾಗುವುದು ಕಬ್ಬಿನ ರಸ, ಕಾಕಂಬಿ, ಧಾನ್ಯಗಳಿಂದ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಇದು ಬೇಡದ ವಿಷಯವೇನಲ್ಲ. ಆದರೆ ಹಳೆಯ ಬೈಕಿನವರು ಮೂರು ಸಂಗತಿ ತಿಳಿದಿರಬೇಕು.

ಒಂದು, ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳ ಸೇರುತ್ತವೆ. ಕಾಕ್ ಇರುವುದೂ ತಳದಲ್ಲೇ. ಎರಡು, ಹಳೆಯ ಗಾಡಿಗಳ ರಬ್ಬರ್ ಪೈಪ್, ವಾಷರ್‌ಗಳು ಇದಕ್ಕೆಂದು ಮಾಡಿದವಲ್ಲ, ಉಬ್ಬಬಹುದು, ಬಿರಿಯಬಹುದು. ಬಿರುಕು ಕಂಡರೆ ಎಥನಾಲ್ ತಡೆಯುವ ಪೈಪನ್ನೇ ಕೇಳಿ ಹಾಕಿಸಿ. ಮೂರು, ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗದಷ್ಟೇ ಶಕ್ತಿಯಿದೆ. ಆ ಲೆಕ್ಕದಲ್ಲಿ ಇ20 ಲೀಟರಿಗೆ ನೂರಕ್ಕೆ 6–7ರಷ್ಟು ಶಕ್ತಿ ಕಡಿಮೆ. ಮೈಲೇಜ್ ಅಷ್ಟು ಇಳಿದರೆ ಕಾರ್ಬೊರೇಟರನ್ನು ಬಯ್ಯಬೇಡಿ. ಅದಕ್ಕಿಂತ ಬಹಳ ಇಳಿದರೆ ಮಾತ್ರ ಹುಡುಕಿ.

ತಿಂಗಳುಗಟ್ಟಲೆ ನಿಲ್ಲಿಸುವ ಬೈಕು, ಔಷಧಿ ಸಿಂಪಡಿಸುವ ಯಂತ್ರ, ಕಳೆ ಕತ್ತರಿಸುವ ಯಂತ್ರಗಳ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡಬೇಡಿ. ಅದು ಆರಿ ಅಂಟಾಗಿ ಜೆಟ್ ಕಟ್ಟುತ್ತದೆ. ನನ್ನ ಯೆಜ್ಡಿಯಂತೆ ಎಣ್ಣೆ ಬೆರೆಸುವ ಟೂ ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆಯೂ ಉಳಿದು ಇನ್ನೂ ಜಿಗುಟು. ಕಾಕ್ ಮುಚ್ಚಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿಬಿಡಿ.

2020ರ ಏಪ್ರಿಲ್‌ನಿಂದ ಬಿಎಸ್6 ನಿಯಮ ಬಂದ ಮೇಲೆ ಬಹುಪಾಲು ಹೊಸ ಬೈಕುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂದಿದೆ. ಅವನ್ನು ಮನೆಯಲ್ಲಿ ಬಿಚ್ಚಬೇಡಿ. ಟ್ಯಾಂಕ್ ಪೂರ್ತಿ ಬರಿದಾಗುವವರೆಗೂ ಓಡಿಸಬೇಡಿ. ಒಳಗಿನ ಪಂಪ್ ತಣ್ಣಗಿರುವುದು ಪೆಟ್ರೋಲಿನಿಂದಲೇ.

ಹಾಲಿನ ಕೈ, ಪೆಟ್ರೋಲ್ ಕೈ

ಪೆಟ್ರೋಲನ್ನು ಪೈಪಿನಲ್ಲಿ ಬಾಯಿಂದ ಎಳೆಯಲೇಬೇಡಿ. ಗೊಟ್ಟದಲ್ಲಿ ಔಷಧಿ ಕುಡಿಸುವಾಗ ಕತ್ತು ಎತ್ತಿ ಹಿಡಿದು ಸುರಿದರೆ ಶ್ವಾಸಕೋಶಕ್ಕೆ ಹೋಗಿ ದನ ಸಾಯುವುದನ್ನು ಕಂಡಿದ್ದೀರಿ. ಮನುಷ್ಯನ ಶ್ವಾಸಕೋಶಕ್ಕೆ ಪೆಟ್ರೋಲ್ ಹೋದರೂ ಹಾಗೆಯೇ. ನುಂಗಿದರೆ ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಹೋಗಿ.

ಹಾಲಿನ ಕ್ಯಾನಿನಲ್ಲಾಗಲಿ, ಅಳತೆ ಪಾತ್ರೆಯಲ್ಲಾಗಲಿ ಪೆಟ್ರೋಲ್ ಹಿಡಿಯಬೇಡಿ. ಹಾಲು ಬೇಗ ವಾಸನೆ ಹೀರುತ್ತದೆ, ನಿಮ್ಮೊಬ್ಬರ ಕ್ಯಾನಿನಿಂದ ಸಂಘದ ಇಡೀ ಟ್ಯಾಂಕಿನ ಹಾಲು ಕೆಡಬಹುದು. ಬೈಕು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಕೆಚ್ಚಲು ಮುಟ್ಟಿ. ದಾರಿಯಲ್ಲಿ ಬೈಕು ನಿಂತರೆ ಮೊದಲು ಕ್ಯಾನನ್ನು ಹಿಂದೆ ಬರುವವರ ಗಾಡಿಗೆ ಹತ್ತಿಸಿ ಕಳಿಸಿ, ಆಮೇಲೆ ರಿಪೇರಿಗೆ ಕೂರಿ. ಕರೆದ ಹಾಲಿನಲ್ಲಿ ಬ್ಯಾಕ್ಟೀರಿಯಾ ಗಂಟೆಗಂಟೆಗೂ ಹೆಚ್ಚುತ್ತವೆ, ಕಾರ್ಬೊರೇಟರ್ ಅರ್ಧ ದಿನ ಕಾದರೂ ಕೆಡುವುದಿಲ್ಲ.

ನಾನೀಗ ಪ್ರತಿ ಭಾನುವಾರ ಬೆಳಿಗ್ಗೆ ಮುಚ್ಚಳದ ತೂತು, ಏರ್ ಫಿಲ್ಟರ್, ಪೈಪ್ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ಬ್ಯಾಗಿನಲ್ಲಿ ಒಂದು ಹೊಸ ಪ್ಲಗ್, ಒಂದು ಪ್ಲಗ್ ಸ್ಪ್ಯಾನರ್ ಇರುತ್ತದೆ. ನೀವೂ ನೋಡಿಕೊಳ್ಳಿ. ಇನ್ನೊಂದು ಮಾತು: ಹಸು ಈಯಲು ಕಷ್ಟಪಡುತ್ತಿದ್ದರೆ ಕಾಲು ಕಂಡು ಅರ್ಧ ಗಂಟೆಯಾಗಲಿ ಎಂದು ಕಾಯದೆ, ತಲೆ ಬರುತ್ತಿಲ್ಲ ಎಂದು ತಿಳಿದ ಕೂಡಲೇ ಫೋನ್ ಮಾಡಿ. ದಾರಿಯ ತೊಂದರೆಗೂ ಸ್ವಲ್ಪ ಸಮಯ ಉಳಿದಿರಲಿ.